ಪಿಎಚ್‌ಡಿ ಆಯ್ತು, ಮುಂದೇನು? ಯುರೋಪಿನ ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಅರ್ಜಿ ಹಾಕುವ ಬಗೆ

ಪಿಎಚ್‌ಡಿ ಮುಗಿಸಿದವರು, ಥೀಸಿಸ್ ಕೊನೆಯ ಅಧ್ಯಾಯದಲ್ಲಿ ಇರುವವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು. "ಮೇರಿ ಕ್ಯೂರಿ ಫೆಲೋಶಿಪ್‌ಗೆ ಅರ್ಜಿ ಹಾಕೋದು ಹೇಗೆ? ನಮ್ಮ ಯೂನಿವರ್ಸಿಟಿಯಲ್ಲಿ ಓದಿದವರಿಗೂ ಸಿಗುತ್ತಾ?"

ಸಿಗುತ್ತದೆ. ಇದು ಪಿಎಚ್‌ಡಿ ಆದವರಿಗೆ ಯುರೋಪ್ ಒಕ್ಕೂಟ ಕೊಡುವ ಸಂಶೋಧನಾ ಫೆಲೋಶಿಪ್. ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಯಾವ ವಿಷಯದವರಾದರೂ ಹಾಕಬಹುದು. ಭೌತಶಾಸ್ತ್ರ ಆಗಬಹುದು, ಹಳಗನ್ನಡ ಆಗಬಹುದು. ಅರ್ಜಿ ಶುಲ್ಕ ಒಂದು ರೂಪಾಯಿಯೂ ಇಲ್ಲ. ಹಾಗಾಗಿ "ನಾವು ಹಾಕಿಸಿಕೊಡುತ್ತೇವೆ" ಎಂದು ದುಡ್ಡು ಕೇಳುವ ಏಜೆಂಟರ ಹತ್ತಿರ ದಯವಿಟ್ಟು ಹೋಗಬೇಡಿ.

ಆದರೆ ಪೈಪೋಟಿ ಜೋರಾಗಿದೆ. 2024ರ ಸುತ್ತಿನಲ್ಲಿ 10,360 ಅರ್ಜಿ ಬಂದಿದ್ದವು, ಆಯ್ಕೆಯಾದವರು 1,696 ಮಂದಿ. 2025ರಲ್ಲಿ ಅರ್ಜಿಗಳ ಸಂಖ್ಯೆ 17,058ಕ್ಕೆ ಏರಿತು. ಇಷ್ಟು ಜನರ ನಡುವೆ ಗೆಲ್ಲಬೇಕಾದರೆ ಕೊನೆಯ ಮೂರು ವಾರದ ಓಡಾಟ ಸಾಲದು. ನಾನು ನೋಡಿದ ಮಟ್ಟಿಗೆ ಬಿದ್ದುಹೋಗುವ ಅರ್ಜಿಗಳಲ್ಲಿ ಬಹಳಷ್ಟು ಬೀಳುವುದು ವಿಷಯ ಸರಿಯಿಲ್ಲ ಅಂತ ಅಲ್ಲ. ನಿಮ್ಮನ್ನು ಇಟ್ಟುಕೊಳ್ಳುವ ಸಂಸ್ಥೆಯ ಗೈಡ್ ಜೊತೆ ಕೂತು ಬರೆದಿಲ್ಲ ಅನ್ನುವುದು ಅರ್ಜಿ ಓದಿ ಅಂಕ ಕೊಡುವವರಿಗೆ ಗೊತ್ತಾಗಿಬಿಡುತ್ತದೆ. ಈ ಲೇಖನದಲ್ಲಿ ನಾನು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತೇನೆ.

ಮೊದಲು ಕೆಲವು ಪದ. ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದ ಮೇಲೆ, ಕಾಯಂ ಕೆಲಸ ಸಿಗುವ ಮೊದಲು ಮಾಡುವ ಸಂಶೋಧನಾ ಕೆಲಸ. ಇದರಲ್ಲಿ ಎರಡು ಬಗೆ. ಪ್ರೊಫೆಸರ್ ಒಬ್ಬರಿಗೆ ಅನುದಾನ ಬಂದಿದೆ, ಅವರು ಜನ ತೆಗೆದುಕೊಳ್ಳುತ್ತಾರೆ: ಇದು ಕೆಲಸ, ವಿಷಯ ಅವರದು. ಫೆಲೋಶಿಪ್‌ನಲ್ಲಿ ವಿಷಯ ನಿಮ್ಮದು, ಹಣವೂ ನಿಮ್ಮ ಯೋಜನೆಗೆಂದೇ ಬರುತ್ತದೆ. ಹೋಸ್ಟ್ ಅಂದರೆ ನಿಮ್ಮನ್ನು ಇಟ್ಟುಕೊಳ್ಳುವ ಸಂಸ್ಥೆ. ಅಲ್ಲಿ ನಿಮಗೆ ಗೈಡ್ ಆಗುವವರನ್ನು ಸೂಪರ್‌ವೈಸರ್ ಎನ್ನುತ್ತಾರೆ.

1. ಅರ್ಹತೆ ನೋಡಿಕೊಳ್ಳಿ

ಇದರಲ್ಲಿ ಎರಡು ತರದ ಫೆಲೋಶಿಪ್ ಇದೆ. ಯುರೋಪಿಯನ್ ಫೆಲೋಶಿಪ್ ಮತ್ತು ಗ್ಲೋಬಲ್ ಫೆಲೋಶಿಪ್. ಎರಡನೆಯದು ಯುರೋಪ್ ಒಕ್ಕೂಟದ ಅಥವಾ ಅದರ ಸಹಭಾಗಿ ದೇಶಗಳ ಪ್ರಜೆಗಳಿಗೆ, ಅಲ್ಲೇ ಬಹುಕಾಲದಿಂದ ನೆಲೆಸಿದವರಿಗೆ. ಊರಲ್ಲಿ ಕೂತು ಅರ್ಜಿ ಹಾಕುವ ನಮಗೆ ಬೇಕಾದ್ದು ಯುರೋಪಿಯನ್ ಫೆಲೋಶಿಪ್. ಅವಧಿ 12ರಿಂದ 24 ತಿಂಗಳು.

ನೋಡಬೇಕಾದ್ದು ಮೂರು.

ಒಂದು, ಪಿಎಚ್‌ಡಿ. ಅರ್ಜಿಯ ಕೊನೆಯ ದಿನದೊಳಗೆ ಅದು ನಿಮ್ಮ ಕೈಲಿರಬೇಕು. ಥೀಸಿಸ್ ಸಲ್ಲಿಸಿದ್ದೇನೆ ಅನ್ನುವುದು ಸಾಲದು. ನಮ್ಮ ಕಡೆ ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಥೀಸಿಸ್ ಕೊಟ್ಟ ಮೇಲೆ ಪರೀಕ್ಷಕರ ವರದಿ ಬರಬೇಕು, ಆಮೇಲೆ ವೈವಾ, ಆಮೇಲೆ ಮೌಲ್ಯಮಾಪನ ಕುಲಸಚಿವರ ಕಚೇರಿಯಿಂದ ಅಧಿಸೂಚನೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಘಟಿಕೋತ್ಸವಕ್ಕೆ ಕಾಯಬೇಡಿ. ಅಧಿಸೂಚನೆಯ ಪ್ರತಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ ಎರಡನ್ನೂ ಕೇಳಿ ತೆಗೆದಿಟ್ಟುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕುವ ಆಸೆ ಇದ್ದರೆ ಹಿಂದಿನ ಡಿಸೆಂಬರ್ ಒಳಗೆ ಥೀಸಿಸ್ ಸಲ್ಲಿಸಿರುವುದು ಒಳ್ಳೆಯದು.

ಎರಡು, ಅನುಭವದ ಮಿತಿ. ಪಿಎಚ್‌ಡಿ ಆಗಿ 8 ವರ್ಷ ಎನ್ನುವುದು ಮಿತಿ. ಆ 8 ವರ್ಷವನ್ನು ಎಣಿಸುವ ರೀತಿ, ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಬಿಟ್ಟ ಸಮಯಕ್ಕೆ ಸಿಗುವ ವಿನಾಯಿತಿ, ಇವನ್ನು ನೀವು ಹಾಕುವ ವರ್ಷದ ಅಧಿಕೃತ ಕೈಪಿಡಿಯಲ್ಲೇ ಓದಿ. ನಿಯಮಗಳು ಸುತ್ತಿನಿಂದ ಸುತ್ತಿಗೆ ತಿದ್ದುಪಡಿ ಆಗುತ್ತಿರುತ್ತವೆ. ಗೆಳೆಯರ ಹಳೇ ಅರ್ಜಿಯನ್ನು ಮಾದರಿಯಾಗಿ ಇಟ್ಟುಕೊಳ್ಳಿ, ಆದರೆ ಅದರಿಂದ ನಿಯಮ ಕಲಿಯಬೇಡಿ.

ಮೂರು, ಮೊಬಿಲಿಟಿ ನಿಯಮ. ಎಲ್ಲಕ್ಕಿಂತ ಜಾಸ್ತಿ ಗೊಂದಲ ಇದರಲ್ಲೇ. ಕೊನೆಯ ದಿನಾಂಕದಿಂದ ಹಿಂದಿನ 36 ತಿಂಗಳು ಎಣಿಸಿ. ಅದರಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೀವು ಹೋಸ್ಟ್ ಇರುವ ದೇಶದಲ್ಲಿ ವಾಸ ಮಾಡಿರಬಾರದು, ಕೆಲಸವನ್ನೂ ಮಾಡಿರಬಾರದು. ಧಾರವಾಡದಲ್ಲೋ ಮೈಸೂರಿನಲ್ಲೋ ಪಿಎಚ್‌ಡಿ ಮಾಡಿದವರಿಗೆ ಇದು ಸಮಸ್ಯೆಯೇ ಅಲ್ಲ. ಆದರೆ ಜರ್ಮನಿಯಲ್ಲಿ ಪಿಎಚ್‌ಡಿ ಮುಗಿಸಿ ಇನ್ನೂ ಅಲ್ಲೇ ಇರುವ ಕನ್ನಡದ ಹುಡುಗ ಹುಡುಗಿಯರು ಜರ್ಮನಿಯ ಹೋಸ್ಟ್ ಜೊತೆ ಹಾಕಿದರೆ ಅರ್ಜಿ ತಿರಸ್ಕಾರ ಆಗುತ್ತದೆ. ಅವರು ಫ್ರಾನ್ಸ್, ನೆದರ್ಲೆಂಡ್ಸ್, ಸ್ಪೇನ್ ಅಂತ ಬೇರೆ ದೇಶ ನೋಡಬೇಕು.

ಹೋಸ್ಟ್ ಯುರೋಪ್ ಒಕ್ಕೂಟದ ದೇಶದಲ್ಲಿ ಅಥವಾ ಸಹಭಾಗಿ ದೇಶದಲ್ಲಿ ಇರಬೇಕು. ಸಹಭಾಗಿ ಎಂದರೆ ಒಕ್ಕೂಟದ ಹೊರಗಿದ್ದರೂ ಅದರ ಸಂಶೋಧನಾ ಕಾರ್ಯಕ್ರಮಕ್ಕೆ ಹಣ ಕೊಟ್ಟು ಸೇರಿಕೊಂಡ ದೇಶ. ಈ ಪಟ್ಟಿಯೂ ಬದಲಾಗುತ್ತದೆ. ಬ್ರಿಟನ್ 2024ರಿಂದ ಮತ್ತೆ ಒಳಗೆ ಬಂದಿದೆ. ಸ್ವಿಟ್ಜರ್ಲೆಂಡ್‌ಗೆ 2025ರ ಸುತ್ತಿನಿಂದ ಬಾಗಿಲು ತೆರೆಯಿತು. ಹಳೆಯ ಪಟ್ಟಿ ನೋಡಿ ಇದು ಆಗಲ್ಲ ಅಂತ ಸುಮ್ಮನಾಗಬೇಡಿ.

2. ತಿಂಗಳುಗಳ ಲೆಕ್ಕ ಹಾಕಿ

ಅರ್ಜಿ ಸುತ್ತು ಸಾಮಾನ್ಯವಾಗಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಶುರುವಾಗುತ್ತದೆ. ಸೆಪ್ಟೆಂಬರ್ ಮೊದಲ ಎರಡು ವಾರದಲ್ಲಿ ಮುಗಿಯುತ್ತದೆ. ಫಲಿತಾಂಶ ಮುಂದಿನ ಫೆಬ್ರವರಿಯಲ್ಲಿ. ನಮ್ಮ ಹಬ್ಬಗಳ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವುದು ಸುಲಭ: ಯುಗಾದಿ ಹೊತ್ತಿಗೆ ಹೋಸ್ಟ್‌ಗೆ ಇಮೇಲ್, ಗಣೇಶ ಹಬ್ಬದ ಆಸುಪಾಸು ಸಲ್ಲಿಕೆ, ಶಿವರಾತ್ರಿ ಹೊತ್ತಿಗೆ ಫಲಿತಾಂಶ.

ಯುರೋಪಿನಲ್ಲಿ ಆಗಸ್ಟ್ ರಜೆಯ ತಿಂಗಳು ಎನ್ನುವುದನ್ನು ಮರೆಯಬೇಡಿ. ಎಷ್ಟೋ ಪ್ರೊಫೆಸರ್‌ಗಳು ಆ ತಿಂಗಳು ಇಮೇಲ್ ನೋಡುವುದಿಲ್ಲ. ಜುಲೈ ಕೊನೆಯೊಳಗೆ ಪೂರ್ತಿ ಕರಡು ಒಂದು ಸಲ ಅವರ ಕಣ್ಣಿಗೆ ಬಿದ್ದಿರಬೇಕು.

3. ಹೋಸ್ಟ್ ಹುಡುಕಿ

ನಿಮ್ಮ ಥೀಸಿಸ್‌ನ ಆಕರ ಪಟ್ಟಿಯಿಂದಲೇ ಶುರು ಮಾಡಿ. ಯಾರ ಲೇಖನವನ್ನು ನೀವು ಹತ್ತಾರು ಸಲ ಓದಿದ್ದೀರಿ? ಯಾರ ವಿಧಾನ ನಿಮಗೆ ಬೇಕಿತ್ತು, ಆದರೆ ನಿಮ್ಮ ಲ್ಯಾಬಿನಲ್ಲಿ ಸಾಧ್ಯವಾಗಲಿಲ್ಲ? ಆ ಹೆಸರುಗಳಲ್ಲಿ ಯುರೋಪಿನಲ್ಲಿ ಇರುವವರು ಯಾರು? ಎಂಟು ಹತ್ತು ಹೆಸರು ಬರೆದುಕೊಳ್ಳಿ.

ಆಮೇಲೆ ಅವರ ಸಂಸ್ಥೆಯ ಪುಟ ನೋಡಿ. ಬಹಳ ವಿಶ್ವವಿದ್ಯಾಲಯಗಳು ಫೆಬ್ರವರಿಯಿಂದ ಮೇ ನಡುವೆ ಆಸಕ್ತರನ್ನು ಕರೆಯುತ್ತವೆ. ಇದನ್ನು ಎಕ್ಸ್‌ಪ್ರೆಶನ್ ಆಫ್ ಇಂಟರೆಸ್ಟ್ ಎನ್ನುತ್ತಾರೆ. ಸಿವಿ ಮತ್ತು ಒಂದೆರಡು ಪುಟದ ವಿಚಾರ ಕಳಿಸಿದರೆ ಸಂಸ್ಥೆಯ ಒಳಗೇ ಮೊದಲ ಸುತ್ತಿನ ಆಯ್ಕೆ ನಡೆಯುತ್ತದೆ. ಆಯ್ಕೆಯಾದವರಿಗೆ ಬರವಣಿಗೆಯ ತರಬೇತಿ ಕೊಡುತ್ತಾರೆ, ಕರಡು ಓದಿ ತಿದ್ದುತ್ತಾರೆ. ಇದು ಪುಕ್ಕಟೆ ಸಿಗುವ ದೊಡ್ಡ ಸಹಾಯ. ಯುರಾಕ್ಸೆಸ್ ಎನ್ನುವ ಯುರೋಪ್ ಒಕ್ಕೂಟದ ಜಾಲತಾಣದಲ್ಲಿ ಇಂಥ ಕರೆಗಳು ಸಿಗುತ್ತವೆ.

ಹೋಸ್ಟ್ ಆರಿಸುವಾಗ ಹೆಸರಿನ ಹಿಂದೆ ಹೋಗಬೇಡಿ. ಓದುವವರು ಕೇಳುವ ಪ್ರಶ್ನೆ ಬೇರೆ: ಈ ಕೆಲಸಕ್ಕೆ ಈ ಜಾಗವೇ ಯಾಕೆ? ಒಂದು ಉದಾಹರಣೆ ನೋಡಿ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದರ ಹಿಂದಿದ್ದ ಬಾಸೆಲ್ ಮಿಷನ್‌ನ ಪತ್ರ ವ್ಯವಹಾರ, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ದಾಖಲೆ ಸಂಗ್ರಹದಲ್ಲಿವೆ. ಮಂಗಳೂರಿನ ಮುದ್ರಣದ ಬಗ್ಗೆ ಪಿಎಚ್‌ಡಿ ಮಾಡಿದ ಕನ್ನಡ ವಿಭಾಗದವರು ಬಾಸೆಲ್‌ನಲ್ಲಿ ಹೋಸ್ಟ್ ಹುಡುಕಿದರೆ "ಇಲ್ಲೇ ಯಾಕೆ" ಅಂತ ಯಾರೂ ಕೇಳುವುದಿಲ್ಲ. ಕನ್ನಡ ಓದಬಲ್ಲ ಸಂಶೋಧಕರು ಆ ದಾಖಲೆಗಳಿಗೂ ಬೇಕು. ಅಂದರೆ ನೀವು ಅಲ್ಲಿಂದ ಕಲಿಯುವುದು ಇದೆ, ಅವರಿಗೆ ಕೊಡುವುದೂ ಇದೆ. ಅರ್ಜಿಯಲ್ಲಿ ಇದಕ್ಕೇ ಒಂದು ಭಾಗ ಇದೆ, ಎರಡು ಕಡೆಯ ಜ್ಞಾನ ವಿನಿಮಯ ಎಂದು. ನಮ್ಮವರು ಈ ಭಾಗದಲ್ಲಿ "ನಾನು ಅಲ್ಲಿ ತುಂಬಾ ಕಲಿಯುತ್ತೇನೆ" ಅಂತ ಬರೆದು ಮುಗಿಸಿಬಿಡುತ್ತಾರೆ. ನಿಮ್ಮ ಹತ್ತಿರ ಏನಿದೆ ಎಂದು ಧೈರ್ಯವಾಗಿ ಬರೆಯಿರಿ.

4. ಮೊದಲ ಇಮೇಲ್

ಈ ಒಂದು ಇಮೇಲ್‌ಗೆ ಎರಡು ಮೂರು ದಿನ ಕೊಟ್ಟರೂ ತಪ್ಪಿಲ್ಲ. ಚಿಕ್ಕದಾಗಿರಲಿ, ಇನ್ನೂರು ಪದದ ಆಸುಪಾಸು ಸಾಕು. ಹೀಗೆ ಬರಲಿ:

ಮೊದಲ ಸಾಲಿನಲ್ಲೇ ಕಾರಣ ಹೇಳಿ: ಈ ವರ್ಷದ ಮೇರಿ ಕ್ಯೂರಿ ಫೆಲೋಶಿಪ್‌ಗೆ ನಿಮ್ಮ ಜೊತೆ ಅರ್ಜಿ ಹಾಕಲು ಬಯಸುತ್ತೇನೆ. ನಂತರ ನೀವು ಯಾರು, ಥೀಸಿಸ್‌ನಲ್ಲಿ ಏನು ಕಂಡುಕೊಂಡಿರಿ, ಎರಡು ವಾಕ್ಯ. ನಂತರ ಅವರ ಯಾವ ಕೆಲಸ, ಅದರ ಯಾವ ಭಾಗ ನಿಮ್ಮ ವಿಚಾರಕ್ಕೆ ತಾಗುತ್ತದೆ, ಎರಡು ವಾಕ್ಯ. ನಂತರ ನಿಮ್ಮ ಪ್ರಶ್ನೆ, ಒಂದೇ ವಾಕ್ಯ. ಅರ್ಹತೆ ಸರಿ ಇದೆ ಎಂದು ಒಂದು ಸಾಲು. ಕೊನೆಗೆ ಇಪ್ಪತ್ತು ನಿಮಿಷದ ವಿಡಿಯೋ ಮಾತುಕತೆಗೆ ಸಮಯ ಕೇಳಿ. ಸಿವಿ ಮತ್ತು ಒಂದು ಪುಟದ ಸಾರಾಂಶ ಲಗತ್ತಿಸಿ.

"ಗೌರವಾನ್ವಿತ ಸರ್, ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಕೆಲಸ ಮಾಡುವ ಭಾಗ್ಯ" ಅನ್ನುವ ಧಾಟಿ ಬೇಡ. ನಮ್ಮಲ್ಲಿ ಅದು ವಿನಯ. ಅಲ್ಲಿ ಅದನ್ನು ನೂರು ಜನಕ್ಕೆ ಒಟ್ಟಿಗೆ ಕಳಿಸಿದ ಪತ್ರ ಅಂದುಕೊಳ್ಳುತ್ತಾರೆ. ಹೆಸರು ಹಿಡಿದು, ನೇರವಾಗಿ, ಸಹೋದ್ಯೋಗಿಗೆ ಬರೆದಂತೆ ಬರೆಯಿರಿ. ನೀವು ಈಗ ವಿದ್ಯಾರ್ಥಿ ಅಲ್ಲ, ಡಾಕ್ಟರೇಟ್ ಆದ ಸಂಶೋಧಕರು.

ಒಂದೇ ದಿನ ಒಂದೇ ವಿಭಾಗದ ಮೂವರಿಗೆ ಕಳಿಸಬೇಡಿ. ಅವರು ಕಾಫಿ ಕುಡಿಯುವಾಗ ಮಾತಾಡಿಕೊಳ್ಳುತ್ತಾರೆ. ಹತ್ತು ದಿನ ಕಾದು ಉತ್ತರ ಬರದಿದ್ದರೆ ಒಂದು ನೆನಪಿನ ಪತ್ರ ಕಳಿಸಿ. ಆಮೇಲೂ ಬರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ. ಉತ್ತರ ಬಾರದೇ ಇರುವುದು ನಿಮ್ಮ ಯೋಗ್ಯತೆಯ ಮೇಲಿನ ಮಾತಲ್ಲ, ಅವರ ಇನ್‌ಬಾಕ್ಸ್ ತುಂಬಿರುತ್ತದೆ.

ಉತ್ತರ "ಒಳ್ಳೆಯ ವಿಚಾರ, ಬರೆದು ಕಳಿಸಿ, ಸಹಿ ಹಾಕುತ್ತೇನೆ" ಅಂತ ಬಂದರೆ ಖುಷಿಪಟ್ಟು ಅಲ್ಲೇ ನಿಲ್ಲಬೇಡಿ. ನನ್ನ ಮೊದಲ ಅರ್ಜಿಯಲ್ಲಿ ನಾನು ಅಲ್ಲೇ ನಿಂತೆ. ಸೂಪರ್‌ವೈಸರ್ ಜೊತೆ ಒಮ್ಮೆಯೂ ಮಾತಾಡದೆ ಬರೆದೆ. ಬಂದ ಟೀಕೆಯಲ್ಲಿ ಎದ್ದು ಕಂಡದ್ದು, ಮೇಲ್ವಿಚಾರಣೆಯ ವಿವರ ಸಾಲದು, ಹೋಸ್ಟ್‌ನ ಸೌಲಭ್ಯಕ್ಕೂ ಯೋಜನೆಗೂ ಸಂಬಂಧ ಕಾಣುವುದಿಲ್ಲ ಎಂಬುದು. ಮುಂದಿನ ವರ್ಷ ನಾಲ್ಕು ಸಲ ಕೂತು ಮಾತಾಡಿ ಬರೆದಾಗ ಅದೇ ವಿಚಾರ ಬೇರೆಯೇ ಅರ್ಜಿಯಾಯಿತು. ಕನಿಷ್ಠ ಮೂರು ಸಲ ಮಾತಾಡಿ. ಮೊದಲನೇ ಸಲ ಪ್ರಶ್ನೆ ಗಟ್ಟಿ ಮಾಡಿಕೊಳ್ಳಲು, ಎರಡನೇ ಸಲ ಕೆಲಸದ ಹಂತ ಹಾಕಲು, ಮೂರನೇ ಸಲ ಕರಡು ನೋಡಲು.

ಮಾತಾಡುವಾಗ ಇನ್ನೂ ಒಂದು ವಿಷಯ ಗಮನಿಸಿ. ಅವರು ನಿಮ್ಮ ವಿಚಾರ ಕೇಳುತ್ತಾರಾ, ಇಲ್ಲ ತಮ್ಮ ಯೋಜನೆಗೆ ಕೈ ಬೇಕು ಅಂತ ನೋಡುತ್ತಾರಾ? ಅವರ ಗುಂಪಿನಿಂದ ಹೋದವರು ಈಗ ಎಲ್ಲಿದ್ದಾರೆ? ಆಗದಿದ್ದರೆ ಮಾರ್ಚ್‌ನಲ್ಲೇ ಬೇರೆಯವರನ್ನು ನೋಡಬಹುದು, ಆಗಸ್ಟ್‌ನಲ್ಲಿ ಆಗುವುದಿಲ್ಲ.

5. ಪ್ರಪೋಸಲ್ ಬರೆಯಿರಿ

ಅರ್ಜಿಯ ಹೃದಯ ಪಾರ್ಟ್ ಬಿ1 ಎನ್ನುವ ದಾಖಲೆ. ಮಿತಿ 10 ಪುಟ. ಹನ್ನೊಂದನೇ ಪುಟ ಬರೆದರೆ ಓದುವವರಿಗೆ ಅದು ಕಾಣುವುದೇ ಇಲ್ಲ. ಫಾಂಟ್, ಅಂಚು, ಸಾಲಿನ ಅಂತರ ಎಲ್ಲವೂ ನಿಗದಿ. ಆ ವರ್ಷದ ಖಾಲಿ ನಮೂನೆಯನ್ನು ಇಳಿಸಿಕೊಂಡು ಅದರೊಳಗೇ ಬರೆಯಿರಿ. ಅದರ ಉಪಶೀರ್ಷಿಕೆಗಳನ್ನು ಅಳಿಸಬೇಡಿ, ಹಿಂದೆಮುಂದೆ ಮಾಡಬೇಡಿ.

ಕನಿಷ್ಠ ಮೂವರು ತಜ್ಞರು ಓದಿ ಅಂಕ ಕೊಡುತ್ತಾರೆ. ಮೂರು ಭಾಗ: ಎಕ್ಸಲೆನ್ಸ್ ಅಂದರೆ ಸಂಶೋಧನೆಯ ಗುಣಮಟ್ಟ, 50 ಶೇಕಡಾ. ಇಂಪ್ಯಾಕ್ಟ್ ಅಂದರೆ ಪರಿಣಾಮ, 30 ಶೇಕಡಾ. ಇಂಪ್ಲಿಮೆಂಟೇಶನ್ ಅಂದರೆ ಮಾಡಿ ಮುಗಿಸುವ ಯೋಜನೆ, 20 ಶೇಕಡಾ. ಪುಟಗಳನ್ನೂ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ ಹಂಚಿ. ಎಂಟು ಪುಟ ವಿಜ್ಞಾನ ಬರೆದು ಉಳಿದ ಎರಡು ಭಾಗವನ್ನು ಎರಡು ಪುಟದಲ್ಲಿ ತುರುಕುವುದು ಪ್ರತಿಭಾವಂತರೇ ಮಾಡುವ ತಪ್ಪು. ಮೊದಲ ಭಾಗದಲ್ಲಿ ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ಅಂಕ ಕೈತಪ್ಪುವುದು ಬಹುಮಟ್ಟಿಗೆ ಉಳಿದ ಎರಡರಲ್ಲಿ.

ಓದುವ ಮೂವರೂ ನಿಮ್ಮ ಉಪವಿಷಯದವರೇ ಆಗಿರುವುದಿಲ್ಲ. ಅವರ ಮುಂದೆ ನಿಮ್ಮಂಥ ಹಲವು ಅರ್ಜಿ ಇರುತ್ತವೆ. ಮೊದಲ ಅರ್ಧ ಪುಟದಲ್ಲೇ ಮೂರು ವಿಷಯ ತಿಳಿಯಬೇಕು: ಏನು ಗೊತ್ತಿಲ್ಲ, ನೀವು ಏನು ಕಂಡುಹಿಡಿಯುತ್ತೀರಿ, ಹೇಗೆ.

ಗುರಿಗಳನ್ನು ಬರೆಯುವುದು ಹೇಗೆ ಅಂತ ತೋರಿಸುತ್ತೇನೆ. "ಬೆಂಗಳೂರಿನ ಕೆರೆಗಳ ಮಾಲಿನ್ಯವನ್ನು ಅಧ್ಯಯನ ಮಾಡುವುದು." ಇದು ಗುರಿ ಅಲ್ಲ, ವಿಷಯದ ಹೆಸರು ಅಷ್ಟೆ. ಇದು ಯಾವಾಗ ಮುಗಿಯಿತು ಅಂತ ಹೇಳುವುದು ಹೇಗೆ? ಹೀಗೆ ತಿರುಗಿಸಿ: "ಬೆಳ್ಳಂದೂರು ಕೆರೆಯಲ್ಲಿ ಮಳೆಗಾಲದ ಆರಂಭದಲ್ಲಿ ನೊರೆ ಏಳುವಾಗ, ಹೂಳಿನಲ್ಲಿ ಮೊದಲೇ ಕೂತಿದ್ದ ಡಿಟರ್ಜೆಂಟ್ ಅಂಶದ ಪಾಲು ಎಷ್ಟು, ಹೊಸದಾಗಿ ಹರಿದು ಬರುವ ಕೊಳಚೆ ನೀರಿನ ಪಾಲು ಎಷ್ಟು ಎಂದು ಎರಡು ಮಳೆಗಾಲದ ಮಾದರಿಗಳಿಂದ ಬೇರೆ ಬೇರೆಯಾಗಿ ಅಳೆಯುವುದು." ಈಗ ಪ್ರಶ್ನೆ ಇದೆ, ಅಳತೆ ಇದೆ, ಸಮಯ ಇದೆ. 24 ತಿಂಗಳಲ್ಲಿ ಆಗುತ್ತದಾ ಅಂತ ಓದುವವರೇ ಲೆಕ್ಕ ಹಾಕಬಹುದು. ಇಂಥ ಗುರಿ ಮೂರು ಇದ್ದರೆ ಸಾಕು. ಆರು ಬರೆದರೆ ಯಾವುದೂ ಮುಗಿಯುವುದಿಲ್ಲ ಅಂತ ಅವರಿಗೆ ಗೊತ್ತು.

ಇದೇ ಭಾಗದಲ್ಲಿ ಓಪನ್ ಸೈನ್ಸ್ ಬಗ್ಗೆ ಬರೆಯಬೇಕು. ನಿಮ್ಮ ಲೇಖನ, ದತ್ತಾಂಶ, ಕೋಡ್ ಎಲ್ಲರಿಗೂ ಮುಕ್ತವಾಗಿ ಸಿಗುವಂತೆ ಹೇಗೆ ಇಡುತ್ತೀರಿ ಎನ್ನುವುದು. ಲಿಂಗ ಆಯಾಮ ಎನ್ನುವ ಇನ್ನೊಂದು ಅಂಶ ಬಹಳ ಜನರಿಗೆ ಅರ್ಥವಾಗುವುದಿಲ್ಲ. ನಿಮ್ಮ ತಂಡದಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಅಲ್ಲಿ ಕೇಳುತ್ತಿಲ್ಲ. ಸಂಶೋಧನೆಯ ಒಳಗೆ ಹೆಣ್ಣು ಗಂಡು ಎಂಬ ವ್ಯತ್ಯಾಸ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತದೆಯೇ ಎಂದು ಕೇಳುತ್ತಿದ್ದಾರೆ. ಔಷಧದ ಕೆಲಸದಲ್ಲಿ ಬೀರುತ್ತದೆ. ಕೆರೆ ನೀರು ತರುವವರ, ಬಳಸುವವರ ಸಮೀಕ್ಷೆಯಲ್ಲೂ ಬೀರುತ್ತದೆ. ಸ್ಫಟಿಕದ ರಚನೆಯಲ್ಲಿ ಇಲ್ಲ. ಇಲ್ಲದಿದ್ದರೆ ಯಾಕೆ ಇಲ್ಲ ಎಂದು ಒಂದು ವಾಕ್ಯ ಬರೆಯಿರಿ. ಖಾಲಿ ಬಿಡಬೇಡಿ.

ಇಂಪ್ಯಾಕ್ಟ್ ಭಾಗದಲ್ಲಿ ಮೊದಲು ಬರುವುದು ನಿಮ್ಮ ಮುಂದಿನ ಬದುಕು. ಎರಡು ವರ್ಷ ಆದ ಮೇಲೆ ನೀವು ಏನಾಗಿರುತ್ತೀರಿ? "ನನ್ನ ವೃತ್ತಿಗೆ ಅನುಕೂಲ" ಸಾಲದು. ಯಾವ ಕೌಶಲ ಈಗ ಇಲ್ಲ, ಅಲ್ಲಿ ಯಾರಿಂದ ಕಲಿಯುತ್ತೀರಿ, ಅದರಿಂದ ಯಾವ ಹುದ್ದೆಗೆ ಹತ್ತಿರವಾಗುತ್ತೀರಿ? ಊರಿಗೆ ವಾಪಸ್ ಬಂದು ಬೋಧನೆ ಮಾಡುವ ಆಸೆ ಇದ್ದರೆ ಅದನ್ನೂ ಬರೆಯಬಹುದು, ಮುಚ್ಚಿಡಬೇಕಾದ್ದು ಏನೂ ಇಲ್ಲ.

ಆಮೇಲೆ ಮೂರು ಪದ ಬರುತ್ತವೆ, ಮೂರನ್ನೂ ಒಂದೇ ಅಂತ ತಿಳಿಯುವವರು ಜಾಸ್ತಿ. ಡಿಸೆಮಿನೇಶನ್ ಎಂದರೆ ಫಲಿತಾಂಶವನ್ನು ಅದನ್ನು ಬಳಸಬಲ್ಲವರಿಗೆ ತಲುಪಿಸುವುದು: ಜರ್ನಲ್, ಸಮ್ಮೇಳನ, ಕೆರೆ ನಿರ್ವಹಣೆಯ ಎಂಜಿನಿಯರುಗಳು. ಎಕ್ಸ್‌ಪ್ಲಾಯ್ಟೇಶನ್ ಎಂದರೆ ಫಲಿತಾಂಶವನ್ನು ನಿಜಕ್ಕೂ ಬಳಕೆಗೆ ತರುವುದು: ಪೇಟೆಂಟ್, ನೀತಿ, ಪಠ್ಯ. ಕಮ್ಯುನಿಕೇಶನ್ ಎಂದರೆ ಸಾಮಾನ್ಯ ಜನಕ್ಕೆ ಹೇಳುವುದು: ಶಾಲೆ, ರೇಡಿಯೋ, ಪತ್ರಿಕೆ. ಕನ್ನಡದಲ್ಲಿ ಬರೆಯಬಲ್ಲೆ ಎನ್ನುವುದು ಇಲ್ಲಿ ನಿಮ್ಮ ಬಲ. ಆದರೆ ಹೋಸ್ಟ್ ದೇಶದ ಜನರಿಗೂ ಏನಾದರೂ ಇರಲಿ.

ಇಂಪ್ಲಿಮೆಂಟೇಶನ್‌ನಲ್ಲಿ ಕೆಲಸವನ್ನು ವರ್ಕ್ ಪ್ಯಾಕೇಜ್‌ಗಳಾಗಿ, ಅಂದರೆ ಕಂತುಗಳಾಗಿ ಒಡೆಯಬೇಕು. ಪ್ರತಿಯೊಂದರ ಕೊನೆಗೆ ಕೈಗೆ ಸಿಗುವ ವಸ್ತು ಏನು ಎಂದು ಹೇಳಬೇಕು. ತಿಂಗಳವಾರು ಪಟ್ಟಿ ತೋರಿಸುವ ಗ್ಯಾಂಟ್ ಚಾರ್ಟ್ ಹಾಕಬೇಕು. ಅಪಾಯಗಳ ಕೋಷ್ಟಕವೂ ಬೇಕು. ನಮ್ಮವರು ಅಪಾಯ ಬರೆದರೆ ಅರ್ಜಿ ದುರ್ಬಲ ಆಗುತ್ತದೆ ಅಂತ ಹೆದರುತ್ತಾರೆ. ಉಲ್ಟಾ. ಮಳೆ ಕೈಕೊಟ್ಟರೆ, ಉಪಕರಣ ತಡವಾದರೆ, ದಾಖಲೆ ಸಂಗ್ರಹ ಮುಚ್ಚಿದ್ದರೆ ಏನು ಮಾಡುತ್ತೀರಿ ಅಂತ ಬರೆದವರನ್ನು ಓದುವವರು ನಂಬುತ್ತಾರೆ.

ಸೆಕೆಂಡ್‌ಮೆಂಟ್ ಅಂದರೆ ಫೆಲೋಶಿಪ್ ನಡುವೆ ಬೇರೆ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡುವುದು. ಒಟ್ಟು ಅವಧಿಯ ಮೂರನೇ ಒಂದು ಪಾಲಿನವರೆಗೆ ಮಾಡಬಹುದು. ಬೇಕಿದ್ದರೆ ಮಾತ್ರ ಹಾಕಿ. ಅಲಂಕಾರಕ್ಕೆ ಹಾಕಿದರೆ ಗೊತ್ತಾಗುತ್ತದೆ.

ಎಐ ಬಗ್ಗೆಯೂ ಕೇಳುತ್ತೀರಿ. ಇಂಗ್ಲಿಷ್ ತಿದ್ದಲು ಬಳಸಬಹುದು. ವಿಚಾರ ಬರೆಸಬೇಡಿ. ಅದು ಕೊಡುವ ಆಕರಗಳು ಎಷ್ಟೋ ಸಲ ಇಲ್ಲದ ಲೇಖನಗಳು. ಅರ್ಜಿಯಲ್ಲಿರುವ ಪ್ರತಿ ಮಾತಿಗೂ ಜವಾಬ್ದಾರರು ನೀವೇ. ಕರಡನ್ನು ನಿಮ್ಮ ವಿಷಯದವರಲ್ಲದ ಒಬ್ಬರಿಗೆ ಓದಲು ಕೊಡಿ. ಅವರು ಎರಡನೇ ಪುಟದಲ್ಲಿ ನಿಂತರೆ, ಆ ಜಾಗ ತಿದ್ದಿ.

6. ಹೆಸರು, ಸಿವಿ, ಕಾಗದಪತ್ರ

ಪಾರ್ಟ್ ಬಿ2ರಲ್ಲಿ ಸಿವಿ, ಹೋಸ್ಟ್ ಸಂಸ್ಥೆಯ ವಿವರ, ಎಥಿಕ್ಸ್ ಇತ್ಯಾದಿ ಬರುತ್ತವೆ. ಸಿವಿಯಲ್ಲಿ ದಿನಾಂಕಗಳ ನಡುವೆ ಖಾಲಿ ಬಿಡಬೇಡಿ. ಮೊಬಿಲಿಟಿ ನಿಯಮ, ಅನುಭವದ ಲೆಕ್ಕ ಎರಡನ್ನೂ ಅವರು ಈ ದಿನಾಂಕಗಳಿಂದ ತಾಳೆ ನೋಡುತ್ತಾರೆ. ಅತಿಥಿ ಉಪನ್ಯಾಸಕರಾಗಿ ದುಡಿದ ವರ್ಷಗಳನ್ನೂ ಬರೆಯಿರಿ, ಬೋಧನೆಯ ಅನುಭವಕ್ಕೆ ಬೆಲೆ ಇದೆ.

ಇನಿಶಿಯಲ್ ಇರುವ ನಮ್ಮ ಹೆಸರುಗಳಿಗೆ ಒಂದು ವಿಶೇಷ ತೊಂದರೆ ಇದೆ. ಅಂಕಪಟ್ಟಿಯಲ್ಲಿ ಊರು, ಅಪ್ಪನ ಹೆಸರಿನ ಮೊದಲಕ್ಷರ. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿದ ಪೂರ್ತಿ ಹೆಸರು. ಲೇಖನಗಳಲ್ಲಿ ಇನ್ನೊಂದು ರೀತಿ. ಓದುವವರಿಗೆ ಇವರು ಮೂವರು ಬೇರೆ ಬೇರೆ ಜನ ಅನ್ನಿಸಬಹುದು. ಆರ್ಕಿಡ್ ಎನ್ನುವ ಉಚಿತ ಸಂಶೋಧಕ ಸಂಖ್ಯೆ ಮಾಡಿಸಿಕೊಳ್ಳಿ, ಎಲ್ಲ ಲೇಖನಗಳನ್ನೂ ಅದಕ್ಕೆ ಸೇರಿಸಿ. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಬಳಸಿ.

7. ಇಲ್ಲಿಂದ ಮಾದರಿ ಒಯ್ಯುವುದಿದ್ದರೆ

ಪಶ್ಚಿಮ ಘಟ್ಟದ ಕಪ್ಪೆ, ಗಿಡ, ಮಣ್ಣಿನ ಸೂಕ್ಷ್ಮಜೀವಿ, ಏನೇ ಆಗಲಿ, ಜೀವವೈವಿಧ್ಯಕ್ಕೆ ಸೇರಿದ ಮಾದರಿಯನ್ನು ವಿದೇಶಿ ಸಂಸ್ಥೆಯ ಸಂಶೋಧನೆಗೆ ಸುಮ್ನೆ ಚೀಲದಲ್ಲಿ ಹಾಕಿಕೊಂಡು ಹೋಗುವಂತಿಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆ ಪ್ರಕಾರ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕಾಗುತ್ತದೆ. ಕಾಡಿನೊಳಗೆ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಸಮಯ ಹಿಡಿಯುವ ಕೆಲಸ ಇದು. ಗ್ಯಾಂಟ್ ಚಾರ್ಟ್‌ನಲ್ಲೂ ಅಪಾಯದ ಕೋಷ್ಟಕದಲ್ಲೂ ಇದಕ್ಕೆ ಜಾಗ ಕೊಡಿ. ಜನರ ಸಂದರ್ಶನ ಮಾಡುವುದಿದ್ದರೆ ಅವರ ಒಪ್ಪಿಗೆ, ಮಾಹಿತಿ ಗೋಪ್ಯತೆ ಬಗ್ಗೆ ಯುರೋಪಿನ ನಿಯಮ ಬಿಗಿ. ಎಥಿಕ್ಸ್ ಪ್ರಶ್ನೆಗಳಿಗೆಲ್ಲ "ಇಲ್ಲ" ಎಂದು ಒತ್ತುತ್ತಾ ಹೋಗಬೇಡಿ.

8. ಪೋರ್ಟಲ್‌ನಲ್ಲಿ ಸಲ್ಲಿಕೆ

ಅರ್ಜಿ ಸಲ್ಲಿಸುವ ಮುಖ್ಯ ಸಂಪರ್ಕ ವ್ಯಕ್ತಿ ಸೂಪರ್‌ವೈಸರ್. ಅವರು ಯುರೋಪ್ ಒಕ್ಕೂಟದ ಅರ್ಜಿ ಪೋರ್ಟಲ್‌ನಲ್ಲಿ ಅರ್ಜಿ ತೆರೆದು ನಿಮ್ಮನ್ನು ಸೇರಿಸಬೇಕು. ಇದಕ್ಕೆ ಇಬ್ಬರಿಗೂ ಇಯು ಲಾಗಿನ್ ಖಾತೆ ಬೇಕು, ಹೋಸ್ಟ್ ಸಂಸ್ಥೆಯನ್ನು ಗುರುತಿಸುವ ಒಂಬತ್ತು ಅಂಕಿಯ ಪಿಕ್ ಸಂಖ್ಯೆ ಬೇಕು. ಜುಲೈನಲ್ಲೇ ತೆರೆದಿಡಿ. ವಿಷಯದ ಪ್ಯಾನೆಲ್ ಆರಿಸುವಾಗ ಎಚ್ಚರ. ರಸಾಯನ, ಜೀವ, ಪರಿಸರ, ಸಮಾಜ ಮತ್ತು ಮಾನವಿಕ ಇತ್ಯಾದಿ ಒಟ್ಟು ಎಂಟು ಪ್ಯಾನೆಲ್ ಇವೆ. ನಿಮ್ಮ ಅರ್ಜಿಯನ್ನು ಯಾರು ಓದುತ್ತಾರೆ ಎನ್ನುವುದು ಈ ಆಯ್ಕೆಯಿಂದ, ನೀವು ಕೊಡುವ ಕೀವರ್ಡ್‌ಗಳಿಂದ ನಿರ್ಧಾರವಾಗುತ್ತದೆ. ಸೂಪರ್‌ವೈಸರ್ ಜೊತೆ ಕೂತೇ ಆರಿಸಿ.

ಕೊನೆಯ ಗಡುವು ಬ್ರಸೆಲ್ಸ್ ಸಮಯ ಸಂಜೆ 5 ಗಂಟೆ. ಸೆಪ್ಟೆಂಬರ್‌ನಲ್ಲಿ ನಮ್ಮ ಗಡಿಯಾರಕ್ಕೆ ಅದು ರಾತ್ರಿ 8.30. ಎರಡು ದಿನ ಮುಂಚೆಯೇ ಒಮ್ಮೆ ಸಲ್ಲಿಸಿಬಿಡಿ. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ತಿದ್ದಿ ಮತ್ತೆ ಸಲ್ಲಿಸಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸಲ್ಲಿಸಿದ ಮೇಲೆ ಫೈಲ್ ಇಳಿಸಿಕೊಂಡು ತೆರೆದು ನೋಡಿ. ಬಿ1 ಜಾಗದಲ್ಲಿ ಬಿ2 ಹಾಕಿರುವುದೂ ಉಂಟು.

ಒಬ್ಬರು ಒಂದು ಸುತ್ತಿನಲ್ಲಿ ಒಂದೇ ಅರ್ಜಿ ಹಾಕಬಹುದು. ಎರಡು ಹೋಸ್ಟ್ ಜೊತೆ ಹಾಕುವಂತಿಲ್ಲ.

9. ಫೆಬ್ರವರಿಯಲ್ಲಿ

ಒಟ್ಟು 100ಕ್ಕೆ 70 ಕನಿಷ್ಠ. ಆದರೆ 70 ಬಂದರೆ ಹಣ ಸಿಗುವುದಿಲ್ಲ. ಆಯ್ಕೆಯಾಗುವವರ ಅಂಕ ಸಾಮಾನ್ಯವಾಗಿ 90ರ ಮೇಲೆ ಇರುತ್ತದೆ. 85 ಮತ್ತು ಮೇಲೆ ಬಂದು ಹಣ ಸಿಗದಿದ್ದವರಿಗೆ ಸೀಲ್ ಆಫ್ ಎಕ್ಸಲೆನ್ಸ್ ಎನ್ನುವ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಫೈಲಿನಲ್ಲಿ ಇಟ್ಟು ಮರೆಯಬೇಡಿ. ಕೆಲವು ದೇಶ, ಕೆಲವು ಸಂಸ್ಥೆಗಳು ಈ ಸೀಲ್ ಇದ್ದವರಿಗೆ ತಮ್ಮ ಹಣದಿಂದಲೇ ಫೆಲೋಶಿಪ್ ಕೊಡುತ್ತವೆ. ಹೋಸ್ಟ್‌ನ ಸಂಶೋಧನಾ ಕಚೇರಿಗೆ ಅದೇ ವಾರ ಬರೆದು ಕೇಳಿ.

ಸಿಕ್ಕಿದರೆ, ಸಂಬಳದ ವಿಷಯ ಮೊದಲೇ ತಿಳಿದಿರಲಿ. ಪ್ರಕಟಣೆಯಲ್ಲಿ ಕಾಣುವ ಲಿವಿಂಗ್ ಅಲೋವನ್ಸ್ ನಿಮ್ಮ ಕೈಗೆ ಬರುವ ಮೊತ್ತ ಅಲ್ಲ. ಅದು ದೇಶದ ದುಬಾರಿತನಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. ಅದರಿಂದ ಸಂಸ್ಥೆ ಕಟ್ಟಬೇಕಾದ ವಿಮೆ, ನಿಮ್ಮ ವಿಮೆ, ತೆರಿಗೆ ಎಲ್ಲ ಕಳೆದು ಉಳಿದದ್ದು ಸಂಬಳ. ಜೊತೆಗೆ ಮೊಬಿಲಿಟಿ ಭತ್ಯೆ ಇರುತ್ತದೆ, ಕುಟುಂಬ ಇದ್ದವರಿಗೆ ಕುಟುಂಬ ಭತ್ಯೆ. ಕೈಗೆ ಎಷ್ಟು ಬರುತ್ತದೆ ಎಂದು ಹೋಸ್ಟ್‌ನ ಎಚ್‌ಆರ್ ವಿಭಾಗಕ್ಕೆ ನೇರವಾಗಿ ಕೇಳಿ, ಸಂಕೋಚ ಬೇಡ. ವೀಸಾಕ್ಕೆ ಪದವಿ ಪ್ರಮಾಣಪತ್ರದ ದೃಢೀಕರಣ ಬೇಕಾಗಬಹುದು. ಯಾವ ಬಗೆಯ ದೃಢೀಕರಣ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಆ ದೇಶದ ದೂತಾವಾಸದ ಪಟ್ಟಿ ನೋಡಿಯೇ ಮಾಡಿಸಿ.

ಸಿಗದಿದ್ದರೆ ವಿಮರ್ಶಾ ವರದಿ ಬರುತ್ತದೆ. ಬಲ ಮತ್ತು ದೌರ್ಬಲ್ಯ ಸಾಲು ಸಾಲಾಗಿ ಇರುತ್ತವೆ. ಬಂದ ದಿನ ಓದಿ, ಒಂದು ವಾರ ಪಕ್ಕಕ್ಕಿಡಿ. ಆಮೇಲೆ ಪ್ರತಿ ದೌರ್ಬಲ್ಯದ ಮುಂದೆ "ಇದು ವಿಚಾರದ ತಪ್ಪೋ, ಬರೆದ ರೀತಿಯ ತಪ್ಪೋ" ಎಂದು ಗುರುತು ಹಾಕಿ. ಹೆಚ್ಚಿನವು ಎರಡನೆಯವೇ ಆಗಿರುತ್ತವೆ. ಅದೇ ಹೋಸ್ಟ್ ಜೊತೆ ಮತ್ತೆ ಹಾಕಲು ಹಿಂದಿನ ವರ್ಷದ ಅಂಕ ಒಂದು ಮಟ್ಟಕ್ಕಿಂತ ಮೇಲಿರಬೇಕು ಎಂಬ ನಿಯಮ ಇದೆ. ಹಾಗಾಗಿ "ಈ ಸಲ ಸುಮ್ನೆ ಹಾಕಿ ನೋಡೋಣ" ಅಂತ ಅರೆಬರೆ ಅರ್ಜಿ ಹಾಕಬೇಡಿ. ತಯಾರಿ ಸಾಲದು ಅನ್ನಿಸಿದರೆ ಒಂದು ವರ್ಷ ಕಾಯುವುದೇ ಲಾಭ.

ಆ ವರ್ಷ ಕೈಕಟ್ಟಿ ಕೂರಬೇಕಿಲ್ಲ. ಇದೇ ಹತ್ತು ಪುಟವನ್ನು ಸ್ವಲ್ಪ ತಿರುಗಿಸಿ ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ, ನಮ್ಮ ದೇಶದ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ, ಬೆಂಗಳೂರಿನ ಐಐಎಸ್‌ಸಿ ಕೊಡುವ ಪೋಸ್ಟ್‌ಡಾಕ್‌ಗೆ ಹಾಕಬಹುದು. ಸೂಪರ್‌ವೈಸರ್‌ಗೆ ಫಲಿತಾಂಶ ತಿಳಿಸಿ, ವರದಿಯ ಪ್ರತಿ ಕಳಿಸಿ, ಮಾರ್ಚ್‌ನಲ್ಲಿ ಮತ್ತೊಮ್ಮೆ ಮಾತಾಡಲು ದಿನ ಕೇಳಿ.